ಗ್ರಾಹ್ಯತೆಯ ರೇಖೆ ಮತ್ತು ಶಾಸ್ತ್ರಿ–ಸದರ್ಲೆಂಡ್ ಜಾಲ

ಹೊರಗಿನ ಕಾಂತಕ್ಷೇತ್ರಕ್ಕೆ ವಸ್ತುವೊಂದು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆಯೇ ಕಾಂತೀಯ ಗ್ರಾಹ್ಯತೆ. ಅನೇಕ ವಸ್ತುಗಳಲ್ಲಿ ಉಷ್ಣತೆ ಇಳಿದಂತೆ ಇದು ಏರುತ್ತದೆಂದು ಪಿಯರ್ ಕ್ಯೂರಿ 1895ರಲ್ಲಿ ತೋರಿಸಿದರೆ, ಪರಮಾಣುಗಳ ಪರಸ್ಪರ ಪ್ರಭಾವವನ್ನು ಪಿಯರ್ ವೈಸ್ 1907ರಲ್ಲಿ ಲೆಕ್ಕಕ್ಕೆ ಸೇರಿಸಿದನು. ಇಂಥ ಪ್ರಭಾವದಿಂದ ಕೆಲವು ವಸ್ತುಗಳಲ್ಲಿ ನೆರೆಯ ಸ್ಪಿನ್‌ಗಳು, ಅಂದರೆ ಇಲೆಕ್ಟ್ರಾನುಗಳ ಸೂಕ್ಷ್ಮ ಕಾಂತಗಳು, ಒಂದಕ್ಕೊಂದು ವಿರುದ್ಧವಾಗಿ ನಿಲ್ಲಬಯಸಿದರೂ ತ್ರಿಕೋನದ ಮೂರನೆಯದು ಉಳಿದೆರಡಕ್ಕೂ ವಿರುದ್ಧವಾಗಲಾರದು. ಈ ಇಕ್ಕಟ್ಟನ್ನೇ ಭೌತವಿಜ್ಞಾನಿಗಳು ಹತಾಶೆ ಎನ್ನುತ್ತಾರೆ.

ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಬಿ. ಶ್ರೀರಾಮ ಶಾಸ್ತ್ರಿ ಮತ್ತು ಬಿಲ್ ಸದರ್ಲೆಂಡ್ 1981ರಲ್ಲಿ, ಕೆಲವು ಕರ್ಣಗಳಿಂದ ಇಂಥ ತ್ರಿಕೋನಗಳಾಗುವ ಚೌಕಜಾಲದಲ್ಲಿ ಕರ್ಣದ ಎರಡು ಸ್ಪಿನ್‌ಗಳು ಜೋಡಿಯಾಗಿ ತಮ್ಮ ಕಾಂತತ್ವವನ್ನು ಪೂರ್ತಿ ಅಳಿಸಿಕೊಳ್ಳುವ ಸ್ಥಿತಿಯನ್ನು ನಿಖರವಾಗಿ ಬಿಡಿಸಿದರು. ಕಾಗದದಲ್ಲೇ ಉಳಿಯಬಹುದಾಗಿದ್ದ ಈ ಜಾಲ 1999ರಲ್ಲಿ ಜಪಾನಿನ ಹಿರೋಶಿ ಕಾಗೆಯಾಮ ಮತ್ತು ಸಂಗಡಿಗರು ಅಳೆದ ಸ್ಟ್ರಾಂಷಿಯಂ ತಾಮ್ರ ಬೋರೇಟಿನಲ್ಲಿ ಕಾಣಿಸಿತು.

ತಣಿಸುತ್ತ ಹೋದಂತೆ ಅದರ ಗ್ರಾಹ್ಯತೆ ಸುಮಾರು 20 ಕೆಲ್ವಿನ್ ಬಳಿ ಶಿಖರ ಮುಟ್ಟಿ, ಆಮೇಲೆ ಶೂನ್ಯದತ್ತ ಕಡಿದಾಗಿ ಇಳಿಯುತ್ತದೆ. ಜೋಡಿಯನ್ನು ಒಡೆಯಲು ಇಂತಿಷ್ಟು ಶಕ್ತಿ ಬೇಕೆಂಬುದೇ ಇದರ ಅರ್ಥ. ಅತಿ ತಣ್ಣನೆಯ ತುದಿಯಲ್ಲಿ ರೇಖೆ ಮತ್ತೆ ಮೇಲೇಳುವುದುಂಟು, ಆದರೆ ಅದು ಬಹುಪಾಲು ಕಲ್ಮಶಗಳ ಮತ್ತು ಜೋಡಿ ಸಿಗದ ಸ್ಪಿನ್‌ಗಳ ಕೊಡುಗೆಯಾದ್ದರಿಂದ ಅದನ್ನು ಕಳೆದೇ ಉಳಿದದ್ದನ್ನು ಓದಬೇಕು.