ಹೆಡ್‌ಲೈಟು: ಕಂದೀಲಿನಿಂದ ಎಲ್‌ಇಡಿವರೆಗೆ, ನನ್ನ ಪಿಕಪ್ಪಿನ ಸುಟ್ಟ ಸ್ವಿಚ್ಚಿನ ಕಥೆ

ಹೊಗೆಸೊಪ್ಪಿನ ಹರಾಜು ಶುರುವಾದ್ರೆ ನಮ್ ಕಡೆ ರಾತ್ರಿ ಹೊತ್ತು ರಸ್ತೆ ಮೇಲೆ ಗಾಡಿ ಜಾಸ್ತಿ. ಬೆಳಗಿನ ಜಾವ ನಾಲ್ಕಕ್ಕೇ ಬೇಲು ತುಂಬ್ಕೊಂಡು ಪಿರಿಯಾಪಟ್ಟಣ, ಕಂಪಲಾಪುರ, ಹುಣಸೂರು, ಎಚ್.ಡಿ. ಕೋಟೆ ಮಾರುಕಟ್ಟೆಗೆ ಹೊರಡೋರು ನಾವು. ಕೆ.ಆರ್. ನಗರದ ಕಡೆಯವರು ಭತ್ತ, ಕಬ್ಬು ಹೊತ್ಕೊಂಡು ಬರ್ತಾರೆ. ಕೋಟೆ ಕಡೆಯಿಂದ ಶುಂಠಿ ಲೋಡು. ಇವರೆಲ್ಲ ಒಂದೇ ಕತ್ತಲಲ್ಲಿ, ಒಂದೇ ಮಂಜಿನಲ್ಲಿ ಎದುರುಬದುರಾಗ್ತಾರೆ. ಅದಕ್ಕೇ ಈ ಸಲ ಬೆಳೆ ಬಿಟ್ಟು ಗಾಡಿ ಲೈಟಿನ ಬಗ್ಗೆ ಬರೀತಾ ಇದೀನಿ. ಸ್ವಲ್ಪ ಉದ್ದ ಇದೆ, ಬ್ಯಾರನ್ನಿಗೆ ಸೌದೆ ಹಾಕ್ತಾ ಕೂತಾಗ ಓದಿ.

ಮೊದಲು ಹಳೇ ಕಥೆ. ನಮ್ಮ ಹುಣಸೂರು ಒಂದು ಕಾಲದಲ್ಲಿ ಗಾಡಿಗೇ ಹೆಸರುವಾಸಿ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಅಮೃತಮಹಲ್ ದನಗಳ ಇಲಾಖೆ ಇತ್ತು, ಸರ್ಕಾರದ ಚರ್ಮದ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಯಾರ್ಡು ಇದ್ದವು. 1864ರಲ್ಲಿ ಅವನ್ನ ಮುಚ್ಚಿದರೂ ಕಸುಬು ಊರಲ್ಲೇ ಉಳೀತು. ಕಾಡಿನ ಮರದಲ್ಲಿ ಎತ್ತಿನ ಗಾಡಿ ಮಾಡೋದು ಇಲ್ಲಿ ದೊಡ್ಡ ಉದ್ಯೋಗವಾಗಿತ್ತು. ನಮ್ಮ ತಾತ ಚುಂಚನಕಟ್ಟೆ ಜಾತ್ರೆಗೆ ಎತ್ತು ಹೊಡ್ಕೊಂಡು ಹೋಗುವಾಗ ಗಾಡಿಯ ಅಚ್ಚಿನ ಕೆಳಗೆ ಒಂದು ಕಂದೀಲು ನೇತುಹಾಕ್ತಿದ್ರಂತೆ. ಆ ಕಂದೀಲು ದಾರಿ ನೋಡೋಕಲ್ಲ, ದಾರಿ ಎತ್ತಿಗೇ ಗೊತ್ತಿತ್ತು. ಹಿಂದೆ ಮುಂದೆ ಬರೋರಿಗೆ ಇಲ್ಲೊಂದು ಗಾಡಿ ಇದೆ ಅಂತ ತಿಳಿಸೋಕೆ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಮೋಟಾರು ಗಾಡಿ ಬಂದಾಗಲೂ ಮೊದಲಿಗೆ ಕರೆಂಟ್ ಲೈಟ್ ಇರಲಿಲ್ಲ. ಎಣ್ಣೆ ದೀಪ, ಆಮೇಲೆ ಕಾರ್ಬೈಡ್ ದೀಪ. ಮಾವಿನಕಾಯಿ ಹಣ್ಣು ಮಾಡೋಕೆ ಕದ್ದುಮುಚ್ಚಿ ಹಾಕ್ತಾರಲ್ಲ, ಅದೇ ಕಾರ್ಬೈಡ್. ಅದರ ಮೇಲೆ ನೀರು ತೊಟ್ಟಿಕ್ಕಿದ್ರೆ ಅಸಿಟಿಲಿನ್ ಅನ್ನೋ ಗ್ಯಾಸ್ ಬರುತ್ತೆ, ಅದನ್ನ ಕಡ್ಡಿ ಗೀರಿ ಹಚ್ಚಬೇಕು. ಊರಿನ ಕರೆಂಟಿನಲ್ಲಿ ನಮ್ಮ ಮೈಸೂರು ಸೀಮೆ ಮುಂದಿತ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದವು, 1908ರಲ್ಲಿ ಮೈಸೂರಿಗೆ ಬಂತು. ಆದ್ರೆ ಓಡೋ ಗಾಡಿಗೆ ತಂತಿ ಎಳೆಯೋಕಾಗುತ್ತಾ? ಗಾಡಿಯೇ ತನ್ನ ಕರೆಂಟು ತಾನೇ ಮಾಡ್ಕೋಬೇಕು. ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ 1912ರ ಮಾಡೆಲ್ಲಿನಲ್ಲಿ ಸೆಲ್ಫ್ ಸ್ಟಾರ್ಟರು, ಬ್ಯಾಟರಿ, ಡೈನಮೊ, ಲೈಟು ಎಲ್ಲಾ ಒಟ್ಟಿಗೆ ಜೋಡಿಸಿ ಕೊಟ್ಟಿತು. ಚಾರ್ಲ್ಸ್ ಕೆಟರಿಂಗ್ ಅನ್ನೋ ಇಂಜಿನಿಯರ್ ಅದರ ಹಿಂದಿದ್ದವರು. ಇವತ್ತು ನಮ್ಮ ಪಿಕಪ್ಪಿನಲ್ಲಿರೋದೂ ಮೂಲದಲ್ಲಿ ಅದೇ ಏರ್ಪಾಟು.

ನಮ್ಮ ದೇಶದಲ್ಲಿ 1954ರಿಂದ ಜಮ್‌ಷೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಲಾರಿ ತಯಾರಾಗೋಕೆ ಶುರುವಾಯ್ತು. ನಮ್ಮ ಚಿಕ್ಕಪ್ಪ ಓಡಿಸ್ತಿದ್ದ ಒಂದು ಹಳೇ ಲಾರಿಯಲ್ಲಿ ಡೈನಮೊ ಇತ್ತು. ಗಾಡಿ ನಿಂತ್ರೆ ಲೈಟು ಕೆಂಪಗೆ ಮಂಕಾಗೋದು, ಆಕ್ಸಿಲೇಟರ್ ಒತ್ತಿದ್ರೆ ಬೆಳಗೋದು. ಡೈನಮೊ ಇಂಜಿನ್ ನಿಧಾನವಾಗಿ ತಿರುಗುವಾಗ ಹೆಚ್ಚು ಕರೆಂಟ್ ಕೊಡಲ್ಲ. 1960ರ ನಂತರ ಆಲ್ಟರ್ನೇಟರ್ ಬಂದು ಆ ಕಾಟ ತಪ್ಪಿತು. ಬಲ್ಬಿನಲ್ಲೂ ಹಾಗೇ. ಹಳೇ ಬಲ್ಬಿನೊಳಗೆ ತಂತಿ ಸವೆದು ಗಾಜು ಕಪ್ಪಾಗೋದು. 1962ರಲ್ಲಿ ಯೂರೋಪಿನಲ್ಲಿ ಹ್ಯಾಲೋಜನ್ ಬಲ್ಬ್ ಬಂತು, 1971ರಲ್ಲಿ ಡಿಮ್ಮು, ಬ್ರೈಟು ಎರಡೂ ಒಂದೇ ಬಲ್ಬಿನಲ್ಲಿರೋ ಎಚ್4 ಬಂತು. 12 ವೋಲ್ಟಿನ ಎಚ್4ಗೆ ಬ್ರೈಟು 60 ವ್ಯಾಟ್, ಡಿಮ್ಮು 55 ವ್ಯಾಟ್. ಐವತ್ತು ವರ್ಷ ಕಳೆದ್ರೂ ನಮ್ಮ ಎಷ್ಟೋ ಗಾಡಿಗಳಲ್ಲಿ ಇವತ್ತಿಗೂ ಅದೇ ಇದೆ.

ಇನ್ನು ನನ್ನ ಕಥೆ. ಕೆಲವು ವರ್ಷದ ಹಿಂದೆ ಒಂದು ಹಳೇ ಪಿಕಪ್ ತಗೊಂಡೆ. ಲೈಟು ಮಂಕು. ನೂರು ಅಡಿ ಮುಂದೆ ದನ ನಿಂತಿದ್ರೂ ಕಾಣ್ತಿರಲಿಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು, ದೊಡ್ಡ ಬಲ್ಬ್ ಹಾಕ್ಸು. ಪೇಟೆಯ ಒಂದು ಅಂಗಡಿಯಲ್ಲಿ 130/100 ವ್ಯಾಟಿನ ಬಲ್ಬ್ ಹಾಕ್ಸಿದೆ. ಮೊದಲ ದಿನ ಪರವಾಗಿಲ್ಲ ಅನ್ನಿಸ್ತು. ಮೂರನೇ ವಾರ ಹನಗೋಡು ದಾಟಿ ಬರ್ತಾ ಇದ್ದೆ, ರಾತ್ರಿ ಹನ್ನೊಂದು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಎರಡೂ ಲೈಟು ಒಟ್ಟಿಗೇ ಆರಿಹೋದವು. ಆ ರಸ್ತೆ ಗೊತ್ತಲ್ಲ, ನಾಗರಹೊಳೆ ಕಾಡು ಪಕ್ಕದಲ್ಲೇ, ಆನೆ ಯಾವಾಗ ಅಡ್ಡ ಬರುತ್ತೋ ಹೇಳೋಕಾಗಲ್ಲ. ಮೊಬೈಲ್ ಟಾರ್ಚನ್ನ ಮಗನ ಕೈಗೆ ಕೊಟ್ಟು ಕಿಟಕಿಯಿಂದ ಹಿಡಿಸಿ, ನಡಿಗೆ ವೇಗದಲ್ಲಿ ಊರು ಸೇರಿದೆ. ಮಾರನೇ ದಿನ ಬಿಚ್ಚಿ ನೋಡಿದ್ರೆ ಲೈಟಿನ ಸ್ವಿಚ್ ಒಳಗೆ ಕರಗಿ ಮುದ್ದೆಯಾಗಿತ್ತು.

ಯಾಕೆ ಹೀಗಾಯ್ತು? ಲೆಕ್ಕ ಸುಲಭ. ವ್ಯಾಟನ್ನ ವೋಲ್ಟಿನಿಂದ ಭಾಗಿಸಿದ್ರೆ ಆಂಪಿಯರ್. 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್. 100 ವ್ಯಾಟಿನ ಎರಡಕ್ಕೆ ಹತ್ತತ್ರ 17. ಬ್ರೈಟು ಒತ್ತಿದ್ರೆ 130ರ ಎರಡಕ್ಕೆ 21ರ ಮೇಲೆ. ನನ್ನ ಗಾಡಿಯಲ್ಲಿ ಇದಷ್ಟೂ ಆ ಸಣ್ಣ ಸ್ವಿಚ್ಚಿನ ಮೂಲಕವೇ ಹಾದುಹೋಗ್ತಿತ್ತು. ಅರ್ಧ ಇಂಚು ಪೈಪಿಗೆ ಐದು ಎಚ್‌ಪಿ ಮೋಟರ್ ಕೂರಿಸಿದ ಹಾಗೆ.

ಸ್ವಿಚ್ ಬದಲಾಯಿಸಿದೆ, ಅದೂ ಹೋಯ್ತು. ಆಮೇಲೆ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ. ಅವರು ಬಲ್ಬ್ ಮುಟ್ಟಲೇ ಇಲ್ಲ. ಮಲ್ಟಿಮೀಟರ್ ತೆಗೆದು ಇಂಜಿನ್ ಓಡಿಸಿ, ಲೈಟ್ ಹಾಕಿಸಿ ಬ್ಯಾಟರಿಯಲ್ಲಿ ನೋಡಿದ್ರು: 13.9 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ ನೋಡಿದ್ರು: 10.6. ಮೂರು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಸೋರಿಹೋಗಿತ್ತು. ಪ್ಲಸ್ ಕಡೆ 2.1, ಅರ್ತ್ ಕಡೆ 1.2. ತಂತಿ ಬಲ್ಬಿಗೆ ವೋಲ್ಟ್ ಸ್ವಲ್ಪ ಇಳಿದ್ರೂ ಬೆಳಕು ಬಹಳ ಇಳಿಯುತ್ತೆ. ವೋಲ್ಟು ಕಾಲುಭಾಗ ಇಳಿದ್ರೆ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ಅಂದ್ರೆ ನನ್ನ ಗಾಡಿಯ ಕಾಯಿಲೆ ಬಲ್ಬಿನದಲ್ಲ, ತಂತಿಯದು. ಟೈಲ್ ಎಂಡಿಗೆ ನೀರು ಬರಲ್ಲ ಅಂತ ನಾಲೆ ಹೂಳು ತೆಗೆಯೋದು ಬಿಟ್ಟು ತೂಬು ದೊಡ್ಡದು ಮಾಡಿದ ಕೆಲಸ ನಂದು.

ಅವರು ರಿಲೇ ಹಾಕಿದ್ರು. ರಿಲೇ ಅಂದ್ರೆ ನಮ್ಮ ಬೋರ್‌ವೆಲ್ ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಇದ್ದ ಹಾಗೆ. ಸ್ವಿಚ್ ಬರೀ ಸನ್ನೆ ಕೊಡುತ್ತೆ, ದೊಡ್ಡ ಕರೆಂಟು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರ ಬಲ್ಬಿಗೆ ಹೋಗುತ್ತೆ. ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತೆ. 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ಚಿನ ತಂತಿ, 85ಕ್ಕೆ ಅರ್ತ್. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು. ಫ್ಯೂಸ್ ಬ್ಯಾಟರಿ ಹತ್ರವೇ ಇರಬೇಕು, ಬಲ್ಬಿನ ಹತ್ರ ಅಲ್ಲ. ನಡುವೆ ತಂತಿ ಉಜ್ಜಿ ಬಾಡಿಗೆ ತಗುಲಿದ್ರೆ ಫ್ಯೂಸ್ ಹೋಗಬೇಕು, ಗಾಡಿ ಉರೀಬಾರದು.

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿತ್ತು. ಅವರು ಅವತ್ತೇ ಹೇಳಿದ್ರು, ಈಗ ಮಾಮೂಲಿ 60/55 ಹಾಕ್ಕೋ ಸಾಕು ಅಂತ. ನಾನು ಕೇಳಲಿಲ್ಲ. ದುಡ್ಡು ಕೊಟ್ಟಿದ್ದೀನಲ್ಲ ಅಂತ 130/100 ಹಾಗೇ ಬಿಟ್ಟೆ. ಈಗ ಅದಕ್ಕೆ ಪೂರ್ತಿ ವೋಲ್ಟ್ ಸಿಕ್ಕಿತ್ತು. ರಸ್ತೆ ಹಗಲಿನ ಹಾಗೆ ಕಾಣೋದು, ನನಗೆ ಹೆಮ್ಮೆ. ಡಿಸೆಂಬರಿನ ಒಂದು ಬೆಳಗಿನ ಜಾವ, ಹಿಂದೆ ಪೂರ್ತಿ ಬೇಲು ಲೋಡು, ತೆಳ್ಳಗೆ ಮಂಜು. ಎದುರಿಗೆ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಕಟ್ಕೊಂಡು ಪಕ್ಕದೂರಿನವರೊಬ್ಬರು ಬರ್ತಿದ್ರು. ನಾನು ಡಿಮ್ ಮಾಡಿದ್ದೆ. ಆದ್ರೂ ಅವರು ಕೈ ಅಡ್ಡ ಹಿಡಿದದ್ದು ಕಾಣಿಸ್ತು, ಆಮೇಲೆ ಮೊಪೆಡ್ ರಸ್ತೆ ಬಿಟ್ಟು ಚರಂಡಿಗೆ ಇಳೀತು. ಹೆಗಲ ಮೂಳೆ ಮುರೀತು. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಆದ್ರೆ ಎರಡು ತಿಂಗಳು ಅವರ ಮನೇಲಿ ಹಾಲು ಕರೆದು ಡೈರಿಗೆ ಹಾಕಿದ್ದು ಅವರ ಹೆಂಡತಿ ಒಬ್ಬರೇ. ಅವರು ನನ್ನನ್ನ ಒಂದು ಮಾತೂ ಬೈಯಲಿಲ್ಲ. "ಏನೂ ಕಾಣ್ಲಿಲ್ಲ ಕಣಪ್ಪ, ಬರೀ ಬೆಳಕು" ಅಂದ್ರು, ಅಷ್ಟೇ.

ಆಮೇಲೆ ಕೂತು ಯೋಚಿಸಿದೆ, ಡಿಮ್ ಮಾಡಿದ್ರೂ ಯಾಕೆ ಕಣ್ಣಿಗೆ ಹೊಡೀತು? ಎರಡು ಕಾರಣ. ಒಂದು, ನನ್ನ ಡಿಮ್ಮೇ 100 ವ್ಯಾಟ್, ಬೇರೆಯವರ ಬ್ರೈಟಿಗಿಂತ ಜಾಸ್ತಿ. ಎರಡು, ಹಿಂದೆ ಲೋಡ್ ಬಿದ್ದಾಗ ಪ್ಲೇಟ್ ಕೂತು ಮುಂದಿನ ಮೂತಿ ಮೇಲೇಳುತ್ತೆ. ಖಾಲಿ ಗಾಡಿಯಲ್ಲಿ ಸರಿಯಾಗಿದ್ದ ಬೆಳಕು ಲೋಡಿನಲ್ಲಿ ಎದುರಿನವರ ಮುಖಕ್ಕೇ ಹೋಗುತ್ತೆ. ನಾವು ರಾತ್ರಿ ಹೋಗೋದೇ ಲೋಡ್ ಇದ್ದಾಗ! 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಇದನ್ನ ಅಳತೆ ಸಮೇತ ಹೇಳಿದೆ. ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರೋ ಕಣ್ಣಿಗೆ ಬೆಳಕು ಕುಕ್ಕಬಾರದು. ಲೆಕ್ಕ ಹಾಕಿ ನೋಡಿ, ಸರಿಯಾಗಿ ಎದುರಿಂದ ಮೊಪೆಡ್ ಮೇಲೆ ಬರೋನ ಕಣ್ಣಿನ ಜಾಗ ಅದು. ನಾನು ಮುರಿದದ್ದು ಆ ನಿಯಮವನ್ನೇ.

ಬಲ್ಬ್ ಬಿಚ್ಚಿ ಎಸೆದೆ. ಮಾಮೂಲಿ 60/55 ಹಾಕಿ, ಅರ್ತ್ ತಂತಿ ಬಾಡಿಯ ತುಕ್ಕು ಕೆರೆದು ಹೊಸದಾಗಿ ಕಟ್ಟಿದೆ. ಹೋಲ್ಡರಿನಲ್ಲಿ 13.4 ವೋಲ್ಟ್ ಬಂತು. ನನಗೆ ಮೊದಲಿಂದ ಬೇಕಾಗಿದ್ದ ಬೆಳಕು ಅದೇ.

ಎಲ್‌ಇಡಿ ಬಗ್ಗೆ ಕೇಳ್ತೀರಾ. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ 2014ರಲ್ಲಿ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಅದರಿಂದಲೇ ಬಿಳಿ ಎಲ್‌ಇಡಿ ಸಾಧ್ಯವಾಗಿದ್ದು. ಕಂಪನಿಯೇ ಎಲ್‌ಇಡಿಗೆ ಅಂತ ಮಾಡಿದ ಹೆಡ್‌ಲೈಟ್ ಒಳ್ಳೇದೇ, ಕರೆಂಟೂ ಕಡಿಮೆ. ತೊಂದರೆ ಇರೋದು ಹಳೇ ಹ್ಯಾಲೋಜನ್ ಗೂಡಿನೊಳಗೆ ಎಲ್‌ಇಡಿ ಬಲ್ಬ್ ತುರುಕೋದ್ರಲ್ಲಿ. ಆ ಕನ್ನಡಿಯ ಆಕಾರ ಮಾಡಿರೋದು ಸಣ್ಣ ತಂತಿ ನಿಗದಿತ ಜಾಗದಲ್ಲಿ ಉರಿಯುತ್ತೆ ಅಂತ. ಎಲ್‌ಇಡಿ ಚಿಪ್ ಕೂದಲೆಳೆ ಆಚೀಚೆ ಕೂತ್ರೂ ಬೆಳಕು ಚೆಲ್ಲಾಪಿಲ್ಲಿ. ನಾನೂ ಒಂದು ಜೊತೆ ಹಾಕಿ ನೋಡಿದೆ. ಕಣ್ಣು ಮಿಟುಕಿಸೋ ಹಾಗೆ ಮಿನುಗ್ತಿತ್ತು, ಲೈಟ್ ಹಾಕಿದ್ರೆ ಎಫ್‌ಎಂ ರೇಡಿಯೋ ಬರೀ ಗೊರಗೊರ. ಮಂಜಿನಲ್ಲಂತೂ ಮುಂದೆ ಬಿಳಿ ಗೋಡೆ. ವಾಪಸ್ ತೆಗೆದೆ.

ಈ ಸೀಸನ್ನಿಗೆ ಮುಂಚೆ ನೀವೇ ನೋಡ್ಕೊಳ್ಳಬಹುದಾದದ್ದು ಇಷ್ಟು:

ಎರಡೂ ಲೈಟು ಮಂಕಾಗಿದ್ರೆ ಬಲ್ಬ್ ತರಬೇಡಿ, ಮೊದಲು ವೋಲ್ಟ್ ನೋಡಿ. ಇಂಜಿನ್ ಓಡ್ತಾ, ಲೈಟ್ ಉರೀತಾ ಇರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್ ಕಾಲಿಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ತಂತಿ, ಸ್ವಿಚ್, ಕನೆಕ್ಟರಿನಲ್ಲಿ ದೋಷ. ಬ್ಯಾಟರಿ ಮೈನಸ್ಸಿಗೂ ಬಲ್ಬಿನ ಅರ್ತ್ ಕಾಲಿಗೂ ಹಾಗೇ ನೋಡಿ.

ಒಂದೇ ಕಡೆ ಮಂಕು, ಅಥವಾ ಡಿಮ್ ಹಾಕಿದ್ರೆ ಡ್ಯಾಶ್‌ಬೋರ್ಡಿನ ನೀಲಿ ಬ್ರೈಟ್ ದೀಪವೂ ಮಿಣಿಮಿಣಿ ಅಂದ್ರೆ ಬಹುಪಾಲು ಅರ್ತ್ ಹೋಗಿದೆ. ಕರೆಂಟು ದಾರಿ ಸಿಗದೆ ಇನ್ನೊಂದು ತಂತಿಯಲ್ಲಿ ಸುತ್ತಿ ಬರ್ತಿದೆ.

ಬಲ್ಬ್ ಪದೇ ಪದೇ ಸುಡ್ತಿದ್ರೆ ಇಂಜಿನ್ ರೇಸ್ ಮಾಡಿ ಬ್ಯಾಟರಿ ವೋಲ್ಟ್ ನೋಡಿ. 15ರ ಹತ್ರ ಹೋದ್ರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ. ಹ್ಯಾಲೋಜನ್ ಗಾಜನ್ನ ಬರೀ ಕೈಯಲ್ಲಿ ಮುಟ್ಟಬೇಡಿ, ಎಣ್ಣೆ ಅಂಟಿದ ಜಾಗ ಕಾದು ಒಡೆಯುತ್ತೆ.

24 ವೋಲ್ಟಿನ ಲಾರಿ ಇರೋರು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದು ಲೈಟು, ಹಾಡಿನ ಪೆಟ್ಟಿಗೆ ಹಾಕಬೇಡಿ. ಒಂದು ಬ್ಯಾಟರಿ ಸೊರಗುತ್ತೆ, ಇನ್ನೊಂದು ಓವರ್ ಚಾರ್ಜ್ ಆಗಿ ಸಾಯುತ್ತೆ.

ಕೊನೇದು ಮುಖ್ಯ. ಲೋಡ್ ತುಂಬಿದ ಮೇಲೆ, ಸಮತಟ್ಟು ಜಾಗದಲ್ಲಿ, ಗೋಡೆಯಿಂದ 8 ಮೀಟರ್ ದೂರ ಗಾಡಿ ನಿಲ್ಲಿಸಿ. ಹೆಡ್‌ಲೈಟಿನ ನಡುಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಸುಣ್ಣದ ಗೆರೆ ಎಳೀರಿ. ಡಿಮ್ ಬೆಳಕಿನ ಮೇಲಿನ ಅಂಚು ಆ ಗೆರೆಗಿಂತ ಒಂದು ಗೇಣು ಅಲ್ಲದಿದ್ರೂ ನಾಲ್ಕು ಬೆರಳಾದ್ರೂ ಕೆಳಗಿರಬೇಕು. ಇಲ್ಲಾಂದ್ರೆ ಸ್ಕ್ರೂ ತಿರುಗಿಸಿ ಇಳಿಸಿ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಗುಂಡಿ ಇದ್ರೆ ಅದು ಇದಕ್ಕೇ ಇರೋದು, ಲೋಡ್ ಇದ್ದಾಗ ತಿರುಗಿಸಿ.

ತಾತನ ಕಂದೀಲು ಅಚ್ಚಿನ ಕೆಳಗೆ ಇತ್ತು, ಯಾರ ಕಣ್ಣಿಗೂ ಹೊಡೀತಿರಲಿಲ್ಲ, ಎಲ್ಲರಿಗೂ ಕಾಣಿಸ್ತಿತ್ತು. ಹಾಲಿನ ಕ್ಯಾನಿನವರು ಈಗಲೂ ಅದೇ ಹೊತ್ತಿಗೆ ಅದೇ ರಸ್ತೇಲಿ ಬರ್ತಾರೆ. ದೂರದಿಂದ ಅವರ ಮೊಪೆಡ್ ಲೈಟು ಕಂಡ್ರೆ ಡಿಮ್ ಮಾಡಿ ಗಾಡಿ ನಿಧಾನ ಮಾಡ್ತೀನಿ. ಅವರು ಹಾರನ್ ಒತ್ತಿ ಹೋಗ್ತಾರೆ.

ಹುಷಾರಾಗಿ ಹೋಗಿ ಬನ್ನಿ. ಈ ಸಲ ಒಳ್ಳೇ ರೇಟ್ ಸಿಗಲಿ.