ತುಂಡು ನಿದ್ದೆ

ನಿದ್ದೆಯನ್ನು ತುಂಡುತುಂಡಾಗಿ ಹಂಚಿಕೊಳ್ಳುವುದನ್ನು ಈಗಿನ ಕೆಲವು ತರುಣರು ಹೊಸ ಪ್ರಯೋಗವೆಂದು ಅಭ್ಯಾಸ ಮಾಡುತ್ತಿದ್ದಾರಂತೆ. ಭೀಮಾತೀರದ ನಮ್ಮ ಅಗರಖೇಡದವರಿಗೆ ಇದು ಹೊಸತೇನಲ್ಲ. ಹೆಣ್ಣುಮಕ್ಕಳು ಬೆಳ್ಳಿ ಮೂಡುವ ಮುನ್ನವೇ ಎದ್ದು ಜೋಳ ಬೀಸುತ್ತಿದ್ದರು. ಗಂಡಸರು ತೆನೆ ಬಲಿತ ಹೊಲಕ್ಕೆ ಕಾವಲು ಹೋಗಿ, ಮಲಗುತ್ತ ಏಳುತ್ತ ಬೆಳಗು ಮಾಡುತ್ತಿದ್ದರು. ವಿದ್ಯುದ್ದೀಪಕ್ಕಿಂತ ಮೊದಲು ಬ್ರಿಟನ್ನಿನ ಜನರೂ 'ಮೊದಲ ನಿದ್ದೆ', 'ಎರಡನೆಯ ನಿದ್ದೆ' ಎಂದು ಇರುಳನ್ನು ಪಾಲು ಮಾಡಿಕೊಂಡಿದ್ದರೆಂದು ಅಮೆರಿಕದ ಇತಿಹಾಸಕಾರ ರೋಜರ್ ಎಕರ್ಚ್ 2001ರಲ್ಲಿ ಬರೆದರು.

ವಿಚಿತ್ರವೆಂದರೆ, ನಮ್ಮಲ್ಲಿ ವಿದ್ಯುತ್ತು ಬಂದ ಮೇಲೆಯೇ ರೈತನ ನಿದ್ದೆ ಹೆಚ್ಚು ತುಂಡಾಯಿತು. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ಪಾಳಿಯ ಮೇಲೆ, ಬಹಳ ಸಲ ನಡುರಾತ್ರಿ ಬರುತ್ತಿತ್ತು. ಎದ್ದು ಮೋಟಾರು ಹಚ್ಚಬೇಕು, ಮಡಿ ತುಂಬುವವರೆಗೆ ಬದುವಿನ ಮೇಲೆ ಒರಗಬೇಕು, ಕಾಲಿಗೆ ನೀರು ತಾಗಿದೊಡನೆ ಎದ್ದು ಮುಂದಿನ ಮಡಿಗೆ ತಿರುಗಿಸಬೇಕು. ಹಾವಿನ ಭಯ ಬೇರೆ!

ಹತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಇತಿಹಾಸದ ಪಾಠದಲ್ಲಿ ನಿತ್ಯ ತೂಕಡಿಸುತ್ತಿದ್ದ. ಎರಡು ವಾರ ನಿಲ್ಲಿಸಿ ಶಿಕ್ಷಿಸಿದೆ. ಒಂದು ದಿನ ಅವನ ಕಾಲ್ಬೆರಳುಗಳ ಸಂದಿಯಲ್ಲಿ ಒಣಗಿದ ಎರಿಮಣ್ಣು ಕಂಡಿತು. ಮರುದಿನದಿಂದ ಹಿಂದಿನ ಬೆಂಚಿನಲ್ಲಿ ಅವನಿಗೆ ಒಂದು ಅವಧಿಯ ನಿದ್ದೆಗೆ ಅವಕಾಶವಿತ್ತೆ. ಆತ ಇದನ್ನು ಓದುತ್ತಿದ್ದರೆ, ಆ ಎರಡು ವಾರಗಳಿಗಾಗಿ ಕ್ಷಮೆಯಿರಲಿ.