ಗಾಳಿ ಬಿಟ್ಟವರ ಚರಿತ್ರೆ: ದೊಡ್ಡ ಟೈರು, ಬೀಡ್‌ಲಾಕ್ ಮತ್ತು ನಮ್ಮ ಮಾವನ ಪ್ರಶ್ನೆ

ವಿಡಿಯೋ ನೋಡೋಕೆ ಪುರಸೊತ್ತಿಲ್ಲದೆ ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರಿಗಾಗಿ ಈ ವಾರದ ಮಾತನ್ನ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಅವಸರದಲ್ಲಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಹೋದ ಡಿಸೆಂಬರ್‌ನಲ್ಲಿ ಪುಣೆಯಿಂದ ನಾವು ಮೂರು ಜನ ಕನ್ನಡದ ಹುಡುಗರು (ಮೂವತ್ತೈದು ದಾಟಿದವರನ್ನ ಹುಡುಗರು ಅನ್ನಬಹುದಾದರೆ) ಗೆಳೆಯನ ಥಾರ್‌ನಲ್ಲಿ ಜೈಸಲ್ಮೇರ್‌ಗೆ ಹೋಗಿದ್ವಿ. ಸಮ್ ಊರಿನ ಹತ್ತಿರದ ಮರಳದಿಬ್ಬಗಳಲ್ಲಿ ಗಾಡಿ ಓಡಿಸಬೇಕು ಅನ್ನೋದು ಎಷ್ಟೋ ವರ್ಷದ ಆಸೆ. ಟೈರಿನ ಗಾಳಿ ಇಳಿಸಬೇಕು ಅಂತ ಓದಿದ್ದೆ. ನಾಲ್ಕು ಟೈರನ್ನೂ 10 ಪಿಎಸ್‌ಐಗೆ ಇಳಿಸಿದೆ. ಗಾಡಿ ದೋಣಿ ಥರ ತೇಲ್ತಾ ಹೋಯ್ತು. ಖುಷಿಯಲ್ಲಿ ದಿಬ್ಬದ ನೆತ್ತಿಯ ಹತ್ತಿರ ಸ್ಟೀರಿಂಗ್ ಗಕ್ಕನೆ ತಿರುಗಿಸಿದೆ ನೋಡಿ, ಎಡಗಡೆ ಮುಂದಿನ ಟೈರು ರಿಮ್ಮಿನಿಂದ ಕಳಚಿಕೊಂಡು ಬಿತ್ತು. ಪಂಕ್ಚರ್ ಅಲ್ಲ, ತೂತಿಲ್ಲ, ಏನಿಲ್ಲ. ಟೈರು ಚಪ್ಪಲಿ ಬಿಟ್ಟ ಹಾಗೆ ರಿಮ್ ಬಿಟ್ಟಿತ್ತು. ತಪ್ಪು ನೂರಕ್ಕೆ ನೂರು ನನ್ನದೇ. ಅಲ್ಲಿನ ಒಬ್ಬ ಜೀಪ್ ಡ್ರೈವರ್ ಟೈರಿನ ಸುತ್ತ ಬೆಲ್ಟ್ ಬಿಗಿದು, ಪಂಪ್ ಹಾಕಿ, ಅದನ್ನ ಮತ್ತೆ ಕೂರಿಸೋ ಹೊತ್ತಿಗೆ ಕತ್ತಲಾಗಿತ್ತು.

ವಾಪಸ್ ಬಂದ ಮೇಲೆ ಗೆಳೆಯನಿಗೆ ಒಂದೇ ಜಪ: 35 ಇಂಚಿನ ಟೈರು, ಜೊತೆಗೆ ಬೀಡ್‌ಲಾಕ್ ವೀಲು. ನನಗೂ ಆಸೆ ಹತ್ತಿತು. ಆದರೆ ಕೊಳ್ಳೋ ಮುಂಚೆ ಒಂದು ವಸ್ತು ಯಾಕೆ ಹುಟ್ಟಿತು ಅಂತ ನೋಡೋದು ನನ್ನ ರೋಗ. ಹೀಗೆ ಹುಡುಕ್ತಾ ಹೋದಾಗ ಸಿಕ್ಕಿದವನು ರಾಲ್ಫ್ ಬ್ಯಾಗ್ನಾಲ್ಡ್.

1896ರಲ್ಲಿ ಹುಟ್ಟಿದ ಬ್ರಿಟಿಷ್ ಸೈನ್ಯದ ಎಂಜಿನಿಯರ್. ಕೇಂಬ್ರಿಡ್ಜ್‌ನಲ್ಲಿ ಓದಿದವನು. ಈಜಿಪ್ಟ್‌ನಲ್ಲಿದ್ದಾಗಲೂ ಭಾರತದಲ್ಲಿದ್ದಾಗಲೂ ರಜೆ ಸಿಕ್ಕಿದರೆ ಸಾಕು, ಫೋರ್ಡ್ ಕಾರು ತಗೊಂಡು ಮರುಭೂಮಿಗೆ ಹೊರಡುತ್ತಿದ್ದ. ನಾವು ಲಾಂಗ್ ವೀಕೆಂಡ್ ಲೆಕ್ಕ ಹಾಕ್ತೀವಲ್ಲ, ಹಾಗೆ. ಈಜಿಪ್ಟ್-ಲಿಬಿಯಾ ಗಡಿಯಲ್ಲಿ 'ಗ್ರೇಟ್ ಸ್ಯಾಂಡ್ ಸೀ' ಅನ್ನೋ ಮರಳ ಕಡಲಿದೆ. ನೂರು ಮೀಟರ್ ಎತ್ತರದ ದಿಬ್ಬಗಳು ಸಾಲುಸಾಲಾಗಿ ಮೈಲುಗಟ್ಟಲೆ. ಅದರೊಳಗೆ ಕಾರು ಹೋಗೋದಿಲ್ಲ ಅಂತಲೇ ಆಗ ಎಲ್ಲರ ನಂಬಿಕೆ. ಬ್ಯಾಗ್ನಾಲ್ಡ್ ಮತ್ತು ಗೆಳೆಯರು 1929-30ರ ಹೊತ್ತಿಗೆ ಮಾಡೆಲ್ ಎ ಫೋರ್ಡ್‌ಗಳಲ್ಲಿ ಅದರೊಳಗೆ ಹೋಗಿ ಬಂದರು. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ನಿನ ಬಲ ಇರೋ, ಊರಲ್ಲಿ ಓಡಿಸೋ ಕಾರುಗಳು ಅವು.

ಹೇಗೆ? ಮುಖ್ಯವಾಗಿ ಗಾಳಿ ಬಿಟ್ಟು. ನಮ್ಮಲ್ಲಿ ರೀಲು ಬಿಡೋವ್ರು ಬೇಕಾದಷ್ಟಿದ್ದಾರೆ, ಗಾಳಿ ಬಿಡೋವ್ರು ಕಮ್ಮಿ.

ಇದರ ಲೆಕ್ಕ ಸುಲಭ. ಗಾಡಿಯ ಭಾರವನ್ನ ಟೈರಿನೊಳಗಿನ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗೋ ಜಾಗ ಹೆಚ್ಚುಕಮ್ಮಿ ಸಿಗುತ್ತೆ. ಒಂದು ಚಕ್ರದ ಮೇಲೆ 500 ಕೆಜಿ ಭಾರ, 30 ಪಿಎಸ್‌ಐ ಗಾಳಿ ಅಂದ್ಕೊಳ್ಳಿ. ನೆಲಕ್ಕೆ ತಾಗೋದು ಸುಮಾರು 240 ಚದರ ಸೆಂಟಿಮೀಟರ್, ಅಂದ್ರೆ ಒಂದು ಅಂಗೈ ಚಾಚಿಟ್ಟು ಅದರ ಪಕ್ಕ ಇನ್ನರ್ಧ ಇಟ್ಟಷ್ಟು. 15ಕ್ಕೆ ಇಳಿಸಿದರೆ ಅದು ದುಪ್ಪಟ್ಟು. ಟೈರು ಅಗಲವಾಗೋದಕ್ಕಿಂತ ಉದ್ದಕ್ಕೆ ಚಪ್ಪಟೆಯಾಗುತ್ತೆ, ಮರಳಿನಲ್ಲಿ ಹೂತುಕೊಳ್ಳೋ ಬದಲು ಮೇಲೇ ನಿಲ್ಲುತ್ತೆ. ಒಂಟೆಯ ಪಾದ ಮಾಡೋದೂ ಇದನ್ನೇ.

ಇದು ಇವನೊಬ್ಬನ ಆವಿಷ್ಕಾರ ಏನಲ್ಲ. ಮೊದಲ ಮಹಾಯುದ್ಧದಲ್ಲೇ ಅದೇ ಮರುಭೂಮಿಯಲ್ಲಿ ಲೈಟ್ ಕಾರ್ ಪೆಟ್ರೋಲ್‌ಗಳು ಮಾಡೆಲ್ ಟಿ ಕಾರುಗಳಿಗೆ ಮೂರೂವರೆ ಇಂಚಿನ ಟೈರು ಹಾಕಿಕೊಂಡು ತಿರುಗಿದ್ದವು. ಮೂರೂವರೆ ಇಂಚು! ಇವತ್ತಿನ ಬೈಕ್ ಟೈರಿನಷ್ಟು. ಆಗಿನ ಮಟ್ಟಿಗೆ ಅದೇ ದೊಡ್ಡ ಟೈರು. 1923ರಲ್ಲಿ ಫೈರ್‌ಸ್ಟೋನ್‌ನವರು ಕಡಿಮೆ ಒತ್ತಡದ, ದಪ್ಪನೆಯ 'ಬಲೂನ್' ಟೈರು ತಂದ ಮೇಲೆ ಆಟವೇ ಬದಲಾಯಿತು. ಬ್ಯಾಗ್ನಾಲ್ಡ್ ಅದರ ಜೊತೆಗೆ ಉಳಿದದ್ದನ್ನ ಸೇರಿಸಿದ. ಹೂತ ಚಕ್ರದಡಿ ಇಡೋಕೆ ಉಕ್ಕಿನ ಪಟ್ಟಿ, ಸೂರ್ಯನ ನೆರಳಿನಿಂದ ದಿಕ್ಕು ನೋಡೋ ಸನ್ ಕಂಪಾಸ್, ರೇಡಿಯೇಟರ್‌ನಿಂದ ಹೊರಬರೋ ಹಬೆಯನ್ನ ಡಬ್ಬಿಯೊಳಗೆ ಮತ್ತೆ ನೀರು ಮಾಡೋ ಏರ್ಪಾಡು. ಕೈಗೆ ಸಿಕ್ಕ ಸಾಮಾನಿನಲ್ಲೇ ವರ್ಕ್‌ಅರೌಂಡ್.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಈ ಹವ್ಯಾಸಕ್ಕೆ ಬೆಲೆ ಬಂತು. ಕೈರೋದಲ್ಲಿದ್ದ ಸೇನಾಪತಿ ವೇವೆಲ್ (ಮುಂದೆ ನಮ್ಮ ವೈಸ್‌ರಾಯ್ ಆದವನೇ) ಬ್ಯಾಗ್ನಾಲ್ಡ್‌ಗೆ ಆರು ವಾರದಲ್ಲಿ ಪಡೆ ಕಟ್ಟು ಅಂದ. ಅದೇ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್. ಮೊದಲು ಬಂದವರು ಬಹುಪಾಲು ನ್ಯೂಜಿಲೆಂಡ್‌ನವರು. 1941ರ ಡಿಸೆಂಬರ್‌ನಲ್ಲಿ ಇದೇ ಮಾದರಿಯಲ್ಲಿ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಕೂಡ ಹುಟ್ಟಿತು. ಜಾಟರು, ರಜಪೂತರು, ಸಿಖ್ಖರು, ಮುಸ್ಲಿಮರು, ಹಿಂದಿನ ದಿನಗಳಲ್ಲಿ ಕುದುರೆ ಪಡೆಗಳಾಗಿದ್ದ ರೆಜಿಮೆಂಟ್‌ಗಳಿಂದ ಬಂದವರು. ನಮ್ಮ ಶಾಲೆಯ ಪಾಠದಲ್ಲಿ ಇವರ ಹೆಸರೇ ಇರಲಿಲ್ಲ.

ಇಲ್ಲಿ ನನಗೆ ಬೆರಗು ತಂದದ್ದು ಅವರ ಲಾರಿಗಳು. ಶೆವರ್ಲೆ, ಸುಮಾರು ಒಂದೂವರೆ ಟನ್ ಹೊರೋವು, ಟೂ ವೀಲ್ ಡ್ರೈವ್! 10.50-16 ಅಳತೆಯ ದಪ್ಪ ಮರಳು ಟೈರು. ಮಧ್ಯೆ ಫೋರ್ ವೀಲ್ ಡ್ರೈವ್ ಫೋರ್ಡ್‌ಗಳು ಬಂದವು. ಆದರೆ ಅವು ಭಾರ, ಪೆಟ್ರೋಲ್ ಕುಡೀತಿದ್ದವು. 1942ರಲ್ಲಿ ಪಡೆ ಮತ್ತೆ ಟೂ ವೀಲ್ ಡ್ರೈವ್ ಶೆವರ್ಲೆಗೇ ಮರಳಿತು. ಫೀಚರ್ ಜಾಸ್ತಿ ಇರೋ ವರ್ಶನ್ ಬಿಟ್ಟು ಹಳೇದಕ್ಕೆ ರೋಲ್‌ಬ್ಯಾಕ್ ಮಾಡಿದ ಹಾಗೆ. ಸಾವಿರಾರು ಕಿಲೋಮೀಟರ್ ಶತ್ರುವಿನ ಹಿಂದೆ ಹೋಗೋವ್ರಿಗೆ ಒಂದು ಡಬ್ಬಿ ಪೆಟ್ರೋಲೂ ಜೀವದ ಲೆಕ್ಕ.

ಸರಿ, ಬೀಡ್‌ಲಾಕ್ ಎಲ್ಲಿ ಬಂತು? ಟೈರಿನ ಒಳಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತೆ, ಅದೇ ಬೀಡ್. ಅದನ್ನ ರಿಮ್ಮಿಗೆ ಒತ್ತಿ ಹಿಡಿಯೋದು ಮುಖ್ಯವಾಗಿ ಒಳಗಿನ ಗಾಳಿ. ಗಾಳಿ ಇಳಿಸಿದಷ್ಟೂ ಹಿಡಿತ ಸಡಿಲ. ಸಮ್‌ನಲ್ಲಿ ನಾನು ಕಲಿತ ಪಾಠ ಇದೇ. ಸೈನ್ಯಕ್ಕೆ ಇನ್ನೊಂದು ತಲೆನೋವಿತ್ತು: ಗುಂಡು ಬಿದ್ದು ಗಾಳಿ ಪೂರ್ತಿ ಹೋದರೂ ಗಾಡಿ ಸ್ವಲ್ಪ ದೂರ ಓಡಬೇಕು. ಅದಕ್ಕೆ ಅಮೆರಿಕನ್ನರು ಜೀಪಿಗೆ 'ಕಾಂಬ್ಯಾಟ್ ರಿಮ್' ಹಾಕಿದರು. ರಿಮ್ಮು ಎರಡು ಹೋಳು, ನಟ್ಟಿನಿಂದ ಜೋಡಿಸಿದ್ದು. ಟೈರಿನೊಳಗೆ ಎರಡು ಬೀಡುಗಳ ನಡುವೆ ಉಕ್ಕಿನ ಬಳೆ, ಎರಡನ್ನೂ ಹೊರಕ್ಕೆ ಒತ್ತಿ ಹಿಡಿಯೋಕೆ. ಅದೇ ಕಾಲದ ಡಕ್ ಅನ್ನೋ ನೀರಿನಲ್ಲೂ ನೆಲದಲ್ಲೂ ಓಡೋ ಲಾರಿಯಲ್ಲಿ ಡ್ರೈವರ್ ಕೂತ ಜಾಗದಿಂದಲೇ, ಓಡ್ತಾ ಇರುವಾಗಲೇ ಟೈರಿನ ಗಾಳಿ ಏರಿಸಿ ಇಳಿಸಬಹುದಿತ್ತು. ಸಮುದ್ರದಿಂದ ಮರಳಿಗೆ ಹತ್ತುವಾಗ ಇಳಿಸು, ಗಟ್ಟಿ ರಸ್ತೆಗೆ ಬಂದಾಗ ಏರಿಸು.

ಈಗ ನಾವು ಕೊಳ್ಳೋ ಬೀಡ್‌ಲಾಕ್ ಬೇರೆ ಥರ. ಟೈರಿನ ಹೊರಅಂಚನ್ನ ಒಂದು ಬಳೆಯಡಿ ಸಿಕ್ಕಿಸಿ, ಸುತ್ತ 24ರಿಂದ 32 ಬೋಲ್ಟ್ ಬಿಗಿಯೋದು. ನಾಲ್ಕು ಚಕ್ರಕ್ಕೆ ಲೆಕ್ಕ ಹಾಕಿ, ನೂರರ ಹತ್ತಿರ ಅಥವಾ ಅದಕ್ಕೂ ಮೇಲೆ. ಎಲ್ಲವನ್ನೂ ಒಂದೇ ಅಳತೆಯ ಬಿಗಿಯಲ್ಲಿ, ಎದುರುಬದುರಾಗಿ ಬಿಗಿಯಬೇಕು, ಓಡಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು.

ಇದನ್ನ ರಾಣೆಬೆನ್ನೂರಿನಲ್ಲಿರೋ ಸೋದರಮಾವನಿಗೆ ಫೋನಿನಲ್ಲಿ ಉತ್ಸಾಹದಿಂದ ಹೇಳ್ತಾ ಇದ್ದೆ. ಪುಣೆ-ಬೆಂಗಳೂರು ಹೈವೇ ಪಕ್ಕದಲ್ಲಿ ಮೂವತ್ತು ವರ್ಷ ಲಾರಿ ಪಂಕ್ಚರ್ ಅಂಗಡಿ ಇಟ್ಟವರು. ಅವರ ಬಲಗೈ ಭುಜದ ಮೇಲಕ್ಕೆ ಏಳೋದಿಲ್ಲ. ಹಳೇ ಲಾರಿ ಚಕ್ರದ ಲಾಕ್ ರಿಂಗ್ ಗಾಳಿ ತುಂಬುವಾಗ ಸಿಡಿದು ತೋಳಿಗೆ ಬಡಿದಿತ್ತು. ನಾನಾಗ ಏಳನೇ ಕ್ಲಾಸು. ಅವರು ಕೇಳಿದ್ದು ಒಂದೇ: "ಗಾಳಿ ಇದ್ದಾಗ ಆ ಬೋಲ್ಟ್ ಯಾರಾದ್ರೂ ಬಿಚ್ಚಿದ್ರೆ?"

ಎರಡೂ ಒಂದೇ ಅಲ್ಲ ಅಂತ ವಿವರಿಸಿದೆ. ಲಾರಿಯ ರಿಂಗ್ ಬೋಲ್ಟಿಲ್ಲದೆ ಕಂಡಿಯಲ್ಲಿ ಕೂರುತ್ತೆ, ಅಲ್ಲಿ ಒತ್ತಡ 100 ಪಿಎಸ್‌ಐ ಹತ್ತಿರ. ಆದರೆ ಪ್ರಶ್ನೆ ಸರಿಯಾದದ್ದೇ. ಯುದ್ಧಕಾಲದ ಕಾಂಬ್ಯಾಟ್ ರಿಮ್ಮಿನ ದೊಡ್ಡ ಅಪಾಯ ಅದೇ ಆಗಿತ್ತು. ಚಕ್ರ ಬಿಚ್ಚೋ ನಟ್ಟು ಅಂದ್ಕೊಂಡು, ಗಾಳಿ ತುಂಬಿರುವಾಗಲೇ ರಿಮ್ಮಿನ ನಟ್ಟು ಬಿಚ್ಚಿದರೆ ಎರಡು ಹೋಳೂ ಸಿಡೀತಿದ್ದವು. ನಾಳೆ ನಮ್ಮ ಗಾಡಿ ಸೋಲಾಪುರ ರಸ್ತೆಯಲ್ಲಿ ನಿಂತರೆ ಬರೋ ಹುಡುಗ ಇಂಥ ಚಕ್ರ ಜೀವಮಾನದಲ್ಲಿ ನೋಡಿರಲ್ಲ. ಸ್ಪ್ಯಾನರ್ ಮಾತ್ರ ಅವನ ಕೈಯಲ್ಲಿರುತ್ತೆ.

ಇನ್ನು 35 ಇಂಚು. ಥಾರ್‌ನ 255/65 ಆರ್18 ಟೈರಿನ ವ್ಯಾಸ ಸುಮಾರು 31 ಇಂಚು. 35 ಹಾಕಿದರೆ ಮೀಟರ್ 80 ತೋರಿಸುವಾಗ ಗಾಡಿ 90ರಲ್ಲಿರುತ್ತೆ. ಗೇರಿನ ಎಳೆತ ಕಮ್ಮಿ, ಬ್ರೇಕಿಗೆ ಭಾರ ಜಾಸ್ತಿ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. ಎಂಎಚ್ ನಂಬರಿಗೆ ಕೆಎ ಪೊಲೀಸರು, ಕೆಎ ನಂಬರಿಗೆ ಎಂಎಚ್ ಪೊಲೀಸರು ಕೈ ತೋರಿಸೋದು ನಿಮಗೆ ಗೊತ್ತೇ ಇದೆ. ಇದೊಂದು ಹೆಚ್ಚುವರಿ ನೆಪ ಯಾಕೆ?

ಹಾಗಾದ್ರೆ ನಿಜವಾದ ದೊಡ್ಡ ಟೈರು ಯಾರಿಗೆ ಬೇಕು? ಐಸ್‌ಲೆಂಡಿನವರಿಗೆ. ಹಿಮನದಿಗಳ ಮೇಲೆ ಓಡಿಸೋಕೆ ಅವರು 38, ಆಮೇಲೆ 44 ಇಂಚಿನ ಟೈರು ಹಾಕಿ, ಮೆತ್ತನೆಯ ಹಿಮದಲ್ಲಿ 2-3 ಪಿಎಸ್‌ಐವರೆಗೆ ಇಳಿಸ್ತಾರೆ. ಅಲ್ಲಿನ ಆರ್ಕ್‌ಟಿಕ್ ಟ್ರಕ್ಸ್ ಸಜ್ಜು ಮಾಡಿದ ಟೊಯೊಟಾ ಹೈಲಕ್ಸ್‌ಗಳಲ್ಲೇ 2010ರ ನವೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು ಅಂಟಾರ್ಕ್‌ಟಿಕಾದ ಮೈತ್ರಿ ನೆಲೆಯಿಂದ ದಕ್ಷಿಣ ಧ್ರುವಕ್ಕೆ ಹೋದದ್ದು. ರಸಿಕ್ ರವೀಂದ್ರ ಮುಂದಾಳು, ಗೋವಾದ ಧ್ರುವ ಸಂಶೋಧನಾ ಕೇಂದ್ರದ ಯಾತ್ರೆ. ಗೋವಾಕ್ಕೆ ನಾವು ವರ್ಷಕ್ಕೆ ನಾಲ್ಕು ಸಲ ಹೋಗ್ತೀವಿ, ಈ ಕೇಂದ್ರ ಅಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಬ್ಯಾಗ್ನಾಲ್ಡ್ ಯುದ್ಧದ ಮಧ್ಯೆಯೇ, 1941ರಲ್ಲಿ, ಗಾಳಿಗೆ ಮರಳು ಹೇಗೆ ಚಲಿಸುತ್ತೆ ಅಂತ ಒಂದು ಪುಸ್ತಕ ತಂದ. ಮಂಗಳ ಗ್ರಹದ ದಿಬ್ಬಗಳನ್ನ ಓದೋರಿಗೂ ಅದು ಬೇಕಾಯಿತು. ಅಲ್ಲಿ ಕ್ಯೂರಿಯಾಸಿಟಿ ರೋವರ್ ನೋಡಿ ಬಂದ ದಿಬ್ಬಗಳಿಗೆ ಅವನದೇ ಹೆಸರು. ಆ ರೋವರ್‌ನ ಚಕ್ರಕ್ಕೆ ಗಾಳಿಯೇ ಇಲ್ಲ, ಅಲ್ಯೂಮಿನಿಯಂ.

ಕೊನೆಗೆ ನಾವು ತಗೊಂಡದ್ದು ಒಂದು ಒಳ್ಳೆ ಗೇಜು, ಒಂದು ಕಂಪ್ರೆಸರ್. 10ರ ಬದಲು 16ಕ್ಕೆ ನಿಲ್ಲಿಸೋದು, ಸ್ಟೀರಿಂಗ್ ನಿಧಾನ. ಗೆಳೆಯನಿಗೆ ಇನ್ನೂ ಸಮಾಧಾನ ಇಲ್ಲ, ಬೀಡ್‌ಲಾಕ್ ಫೋಟೋ ಕಳಿಸ್ತಾನೇ ಇರ್ತಾನೆ. ನಾನು ಮಾವನಿಗೆ ದಕ್ಷಿಣ ಧ್ರುವದ ಹೈಲಕ್ಸ್ ಫೋಟೋ ಕಳಿಸಿದೆ. ಫೋನ್ ಮಾಡಿ "ಗಾಳಿ ಎಷ್ಟು?" ಅಂದರು. ಎರಡು-ಮೂರು ಅಂದೆ.

"ಅದನ್ನ ನಮ್ಮ ಅಂಗಡೀಲಿ ಪಂಕ್ಚರ್ ಅಂತೀವಪ್ಪ" ಅಂದರು.